ಒಪ್ಪಿಗೆಯ ಲೆಕ್ಕ ಕೊಡಿ: ಸ್ವೀಡನ್ ಸಂಸತ್ತಿನ ಸದಸ್ಯರಿಗೆ ಒಂದು ಬಹಿರಂಗ ಪತ್ರ

ರಿಕ್ಸ್‌ಡಾಗ್‌ನ ವಿದೇಶಾಂಗ ವ್ಯವಹಾರ ಸಮಿತಿಯ ಗೌರವಾನ್ವಿತ ಸದಸ್ಯರಿಗೆ,

ನಮಸ್ಕಾರ. ಈ ಪತ್ರದ ಸ್ವೀಡಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಅದನ್ನೇ ಕನ್ನಡದಲ್ಲೂ ಬರೆದು ನನ್ನ ಜನರ ಮುಂದಿಡುತ್ತಿದ್ದೇನೆ. ಅದಕ್ಕೆ ಕಾರಣ ದಾವಣಗೆರೆಯಲ್ಲಿರುವ ನನ್ನ ಅಣ್ಣ. 2024ರ ಮಾರ್ಚ್ 7ರಂದು ಸ್ವೀಡನ್, ಒಬ್ಬರ ಮೇಲೆ ದಾಳಿಯಾದರೆ ಎಲ್ಲರೂ ನೆರವಿಗೆ ಬರಬೇಕಾದ ದೇಶಗಳ ಸೇನಾ ಕೂಟ ನ್ಯಾಟೊದ 32ನೇ ಸದಸ್ಯ ದೇಶವಾಯಿತಲ್ಲ, ಆ ವಾರ ಅವನು ಫೋನ್ ಮಾಡಿದ್ದ. "ಅಂತೂ ನಿಮ್ದು ಸೇರ್ತಂತಲ್ಲೋ ತಮ್ಮಾ. ಇಷ್ಟು ದಿನ ಅಡ್ಡಗಾಲು ಹಾಕಿದ್ದ ಟರ್ಕಿಯವ್ರು ಕೊನಿಗೆ ಯಾಕೆ ಒಪ್ಕಂಡ್ರು? ಏನ್ ಕೊಟ್ರಿ ಅವ್ರಿಗೆ?" ಎಂದು ಕೇಳಿದ. "ಅಮೆರಿಕದವರು ಯುದ್ಧವಿಮಾನ ಕೊಟ್ಟರು" ಎಂದೆ. ಫೋನಿಟ್ಟ ಮೇಲೆ ಬಹಳ ಹೊತ್ತು ಸಮಾಧಾನವಾಗಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಉತ್ತರವೂ ಆಗಿರಲಿಲ್ಲ. ಪೂರ್ತಿ ಉತ್ತರ ನಿಮ್ಮ ಹತ್ತಿರ ಇದೆ. ಅದನ್ನು ಕೇಳಲೆಂದೇ ಈ ಪತ್ರ.

ನಾನು ಹದಿನಾಲ್ಕು ವರ್ಷದಿಂದ ಸ್ಟಾಕ್‌ಹೋಮ್‌ನಲ್ಲಿದ್ದೇನೆ. ಕಿಸ್ತಾದಲ್ಲಿ ಕೆಲಸ, ಇಲ್ಲೇ ಮತದಾರ, ನನ್ನ ಮಗಳು ಇಲ್ಲೇ ಹುಟ್ಟಿದವಳು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನ್ಯಾಟೊ ಸೇರಿದ್ದು ಸರಿ ಎಂಬುದು ನನ್ನ ಅಭಿಪ್ರಾಯ. 2022ರ ಫೆಬ್ರುವರಿ 24ರ ಬೆಳಿಗ್ಗೆ ರಷ್ಯಾ ಉಕ್ರೇನಿನೊಳಗೆ ನುಗ್ಗಿದ ಮೇಲೆ, ಇನ್ನೂರು ವರ್ಷ ಯಾವ ಯುದ್ಧಕ್ಕೂ ಹೋಗದೆ ಉಳಿದ ಈ ದೇಶ ಇನ್ನು ಒಂಟಿಯಾಗಿ ನಿಲ್ಲುವುದು ಕಷ್ಟ ಅನ್ನಿಸಿದವರಲ್ಲಿ ನಾನೂ ಒಬ್ಬ. 2023ರ ಮಾರ್ಚ್ 22ರಂದು ನಿಮ್ಮ ಸದನದಲ್ಲಿ 269 ಮಂದಿ ಪರವಾಗಿ, 37 ಮಂದಿ ವಿರುದ್ಧವಾಗಿ ಮತ ಹಾಕಿದಿರಿ. ಆ 269ರ ಪಕ್ಕ ನಿಂತವನಾಗಿಯೇ ಕೇಳುತ್ತಿದ್ದೇನೆ.

ಊರಿನ ಓದುಗರಿಗಾಗಿ ಎರಡು ಮಾತು. ನ್ಯಾಟೊವನ್ನು ಹುಟ್ಟುಹಾಕಿದ 1949ರ ಉತ್ತರ ಅಟ್ಲಾಂಟಿಕ್ ಒಪ್ಪಂದದ 10ನೇ ವಿಧಿಯ ಪ್ರಕಾರ ಹೊಸಬರನ್ನು ಸೇರಿಸಿಕೊಳ್ಳಲು ಇರುವ ಸದಸ್ಯರೆಲ್ಲರೂ ಒಪ್ಪಬೇಕು. ಬಹುಮತದ ಮಾತೇ ಇಲ್ಲ. ಫಿನ್‌ಲೆಂಡ್ ಮತ್ತು ಸ್ವೀಡನ್ 2022ರ ಮೇ 18ರಂದು ಬ್ರಸೆಲ್ಸ್‌ನಲ್ಲಿ ಒಟ್ಟಿಗೇ ಅರ್ಜಿ ಕೊಟ್ಟವು. ಆಗ ಇದ್ದ 30 ಸದಸ್ಯರಲ್ಲಿ 28 ದೇಶಗಳು ಸೆಪ್ಟೆಂಬರ್ ಮುಗಿಯುವುದರೊಳಗೆ ಅನುಮೋದಿಸಿದವು. ಉಳಿದದ್ದು ಟರ್ಕಿ ಮತ್ತು ಹಂಗೆರಿ. ಫಿನ್‌ಲೆಂಡ್‌ಗೆ 2023ರ ಏಪ್ರಿಲ್ 4ರಂದು ಬಾಗಿಲು ತೆರೆಯಿತು. ಸ್ವೀಡನ್ ಹೊಸ್ತಿಲಲ್ಲಿ ಸುಮಾರು 22 ತಿಂಗಳು ನಿಂತಿತು.

ಟರ್ಕಿಯ ಅಲ್ಪಸಂಖ್ಯಾತರಾದ ಕುರ್ದರ ಸಶಸ್ತ್ರ ಸಂಘಟನೆ ಪಿಕೆಕೆಗೆ ಸ್ವೀಡನ್ ಆಸರೆ ಕೊಡುತ್ತಿದೆ ಎಂಬ ಟರ್ಕಿಯ ತಕರಾರನ್ನು ಬರೀ ಚೌಕಾಸಿ ಎಂದು ಇಲ್ಲಿ ಬಹಳ ಜನ ತಳ್ಳಿಹಾಕುತ್ತಾರೆ. ನಾನು ತಳ್ಳಿಹಾಕಲಾರೆ. ಪಿಕೆಕೆ ಸಂಘಟನೆ 1984ರಲ್ಲಿ ಶಸ್ತ್ರ ಹಿಡಿದಾಗಿನಿಂದ ಆ ಸಂಘರ್ಷದಲ್ಲಿ ಸತ್ತವರು 40 ಸಾವಿರಕ್ಕೂ ಹೆಚ್ಚು. ಸತ್ತವರಲ್ಲಿ ಟರ್ಕಿಯ ಸೈನಿಕರು, ಶಿಕ್ಷಕರು, ಹಳ್ಳಿಗರು ಇದ್ದಾರೆ. ಸಾವಿರಾರು ಕುರ್ದರೂ ಇದ್ದಾರೆ. ಅಲ್ಲಿನ ತಾಯಂದಿರಿಗೆ ಇದು ಸುದ್ದಿಯಲ್ಲಿ ಓದಿದ ವಿಷಯವಲ್ಲ. ಪಿಕೆಕೆಯನ್ನು ಭಯೋತ್ಪಾದಕ ಸಂಘಟನೆ ಎಂದು ಸ್ವೀಡನ್ 1984ರಲ್ಲೇ ಘೋಷಿಸಿತ್ತು, ಐರೋಪ್ಯ ಒಕ್ಕೂಟಕ್ಕಿಂತ ಬಹಳ ಮೊದಲೇ. ಆದರೂ ಸ್ಟಾಕ್‌ಹೋಮ್‌ನ ಬೀದಿಗಳಲ್ಲಿ ಆ ಸಂಘಟನೆಯ ಬಾವುಟ ಹಾರುತ್ತಿತ್ತು. 2019ರ ಅಕ್ಟೋಬರ್‌ನಲ್ಲಿ ಟರ್ಕಿ ಸೇನೆ ಕುರ್ದ್ ಪಡೆಗಳ ವಿರುದ್ಧ ಉತ್ತರ ಸಿರಿಯಾಕ್ಕೆ ನುಗ್ಗಿದಾಗ ನಾವು ಟರ್ಕಿಗೆ ಶಸ್ತ್ರಾಸ್ತ್ರ ರಫ್ತಿಗೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿದೆವು. ಟರ್ಕಿಯ ರಾಜಧಾನಿ ಅಂಕಾರಾದಲ್ಲಿ ಕೂತವರ ಕಣ್ಣಿಗೆ ಇದು ಹೇಗೆ ಕಂಡಿರಬೇಕು? ಶಸ್ತ್ರ ಕೊಡೆವೆಂದ ದೇಶವೇ ಈಗ ನಿಮ್ಮ ಸೈನಿಕರು ನಮಗಾಗಿ ಪ್ರಾಣ ಕೊಡಬೇಕು ಎಂದು ಬಾಗಿಲಿಗೆ ಬಂದಿದೆ. ಕೇಳಿದ್ದು ಸಣ್ಣ ಉಪಕಾರವೇನಲ್ಲ.

ಇನ್ನೊಂದು ಹಳೆಯ ಸಂಗತಿಯೂ ಇದೆ. ಟರ್ಕಿಯನ್ನೂ ಹೀಗೇ ಹೊರಗೆ ನಿಲ್ಲಿಸಿದ್ದರು. 1950ರಲ್ಲಿ ಕೇಳಿದಾಗ ಸಿಗಲಿಲ್ಲ. ಕೊರಿಯಾ ಯುದ್ಧಕ್ಕೆ ತನ್ನ ಒಂದು ಬ್ರಿಗೇಡ್ ಕಳಿಸಿ ನೂರಾರು ಜನರನ್ನು ಕಳೆದುಕೊಂಡ ಮೇಲೆ, 1952ರ ಫೆಬ್ರುವರಿ 18ರಂದು ಗ್ರೀಸ್ ಜೊತೆ ಅದನ್ನು ಸೇರಿಸಿಕೊಂಡರು. ಆಗ ಹಿಂದೇಟು ಹಾಕಿದವರಲ್ಲಿ ನಾರ್ವೆ, ಡೆನ್ಮಾರ್ಕ್‌ನಂಥ ನಮ್ಮ ಪಕ್ಕದವರೇ ಇದ್ದರು.

ಹಾಗಿದ್ದರೆ ತಕರಾರು ಕರಗಿದ್ದು ಹೇಗೆ? ವಿಮಾನದ ಮಾತು ಮೊದಲು. 2024ರ ಜನವರಿ 23ರಂದು ಟರ್ಕಿ ಸಂಸತ್ತು 287–55 ಮತಗಳಿಂದ ಸ್ವೀಡನ್‌ಗೆ ಒಪ್ಪಿಗೆ ಕೊಟ್ಟಿತು. 25ಕ್ಕೆ ಅಧ್ಯಕ್ಷ ಎರ್ಡೊಗನ್ ಸಹಿ ಹಾಕಿದರು. 26ಕ್ಕೆ ಅಮೆರಿಕ ಸರ್ಕಾರ 40 ಹೊಸ ಎಫ್-16 ವಿಮಾನ ಮತ್ತು ಹಳೆಯ 79 ವಿಮಾನಗಳನ್ನು ಆಧುನೀಕರಿಸುವ ಸಾಮಗ್ರಿ, ಒಟ್ಟು 2,300 ಕೋಟಿ ಡಾಲರ್ ಮೌಲ್ಯದ ಮಾರಾಟಕ್ಕೆ ಹಸಿರು ನಿಶಾನೆ ತೋರಿಸಿತು. ಮೂರೂ ದಿನಾಂಕ ಇಷ್ಟು ಹತ್ತಿರ ಇರುವಾಗ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆ ಮಾರಾಟಕ್ಕೆ ಅಡ್ಡ ನಿಂತಿದ್ದ ಅಮೆರಿಕದ ಸೆನೆಟರ್ ಬಾಬ್ ಮೆನೆಂಡೆಜ್ 2023ರ ಸೆಪ್ಟೆಂಬರ್‌ನಲ್ಲಿ ಲಂಚದ ಆರೋಪ ಹೊತ್ತು ಸೆನೆಟ್ಟಿನ ವಿದೇಶಾಂಗ ಸಮಿತಿಯ ಅಧ್ಯಕ್ಷ ಸ್ಥಾನದಿಂದ ಇಳಿದಿದ್ದೂ ದಾರಿ ಸಲೀಸು ಮಾಡಿತು. ನೆನಪಿಡಬೇಕಾದ ವಿಷಯವೆಂದರೆ ಕೊಟ್ಟವರು ನಾವಲ್ಲ, ವಾಷಿಂಗ್ಟನ್‌ನವರು. ಅರ್ಜಿ ಯಾರದ್ದೋ, ಬೆಲೆ ತೆತ್ತವರು ಇನ್ಯಾರೋ.

ಆದರೆ ವಿಮಾನಕ್ಕಿಂತ ಮೊದಲೇ ಬಹಳಷ್ಟು ಬದಲಾಗಿತ್ತು. 2023ರ ಮೇ ತಿಂಗಳವರೆಗೆ ಎರ್ಡೊಗನ್ ಎದುರು ಚುನಾವಣೆ ಇತ್ತು. ಪಶ್ಚಿಮದವರನ್ನು ಬಾಗಿಲಲ್ಲಿ ನಿಲ್ಲಿಸಿದ ನಾಯಕ ಎನ್ನುವುದು ಮತ ತರುವ ಮಾತು. ಅದೇ ಜನವರಿಯಲ್ಲಿ ಸ್ಟಾಕ್‌ಹೋಮ್‌ನ ಟರ್ಕಿ ರಾಯಭಾರ ಕಚೇರಿ ಎದುರು ಕುರಾನ್ ಸುಟ್ಟರು. ಅದಾದ ಮೇಲೆ ಅವರು ಒಪ್ಪಬೇಕೆಂದಿದ್ದರೂ ಒಪ್ಪುವಂತಿರಲಿಲ್ಲ. ಮೇ 28ಕ್ಕೆ ಗೆದ್ದರು. ಗೆದ್ದ ಮರುವಾರ ಮೆಹ್ಮೆತ್ ಶಿಮ್ಶೆಕ್ ಅವರನ್ನು ಹಣಕಾಸು ಸಚಿವರನ್ನಾಗಿ ಕರೆತಂದರು. ಹಿಂದಿನ ಅಕ್ಟೋಬರ್‌ನಲ್ಲಿ ಸರ್ಕಾರದ ಲೆಕ್ಕದಲ್ಲೇ ಹಣದುಬ್ಬರ ಶೇ 85 ದಾಟಿದ್ದ ದೇಶ ಅದು. ಫೆಬ್ರುವರಿಯ ಭೂಕಂಪದಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ತು ಊರಿಗೆ ಊರೇ ನೆಲಸಮವಾಗಿತ್ತು. ಹೊರಗಿನ ಬಂಡವಾಳ ಬೇಕಿತ್ತು, ಯುರೋಪಿನ ವಿಶ್ವಾಸ ಬೇಕಿತ್ತು. ಚುನಾವಣೆಗೆ ಮುಂಚೆ ಲಾಭ ತಂದ ಹಟ ಚುನಾವಣೆಯ ನಂತರ ದುಬಾರಿಯಾಯಿತು. ಜುಲೈ 10ರಂದು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ನಡೆದ ಮಾತುಕತೆಯಲ್ಲಿ ಎರ್ಡೊಗನ್ ಸ್ವೀಡನ್ ಸದಸ್ಯತ್ವವನ್ನು ತಮ್ಮ ಸಂಸತ್ತಿನ ಮುಂದಿಡಲು ತಲೆಯಾಡಿಸಿದರು.

ಆ ದಿನ ಅವರ ಕೈಗೆ ಏನು ಹಾಕಿದೆವು ನೋಡಿ. ಟರ್ಕಿಯ ಐರೋಪ್ಯ ಒಕ್ಕೂಟದ ಸದಸ್ಯತ್ವಕ್ಕೆ, ಸುಂಕದ ಒಪ್ಪಂದದ ಪರಿಷ್ಕರಣೆಗೆ, ವೀಸಾ ಸಡಿಲಿಕೆಗೆ ಸ್ವೀಡನ್ ಸಕ್ರಿಯ ಬೆಂಬಲ. ಭಯೋತ್ಪಾದನೆ ವಿರುದ್ಧದ ಕೆಲಸಕ್ಕೆ ನ್ಯಾಟೊದಲ್ಲಿ ಒಬ್ಬ ವಿಶೇಷ ಸಂಯೋಜಕ. ಎರಡು ದೇಶಗಳ ಸಚಿವರು ವರ್ಷಕ್ಕೊಮ್ಮೆ ಕೂರುವ ಭದ್ರತಾ ವ್ಯವಸ್ಥೆ. ಇವುಗಳಲ್ಲಿ ಯಾವುದೂ ಆ ಸಂಜೆಯೇ ಅವರ ಕಿಸೆ ಸೇರುವಂಥದ್ದಲ್ಲ. ಆದರೆ ಊರಿಗೆ ಹೋಗಿ ಜನರ ಮುಂದೆ "ಇದನ್ನು ತಂದೆ" ಎಂದು ಹೇಳಬಹುದಾದ ಮಾತುಗಳು. ಹಟ ಹಿಡಿದವರು ಸಹಿ ಹಾಕಲು ಇದು ಬೇಕೇ ಬೇಕು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟ ಪಾಲಾಗುವಾಗ ದೊಡ್ಡಪ್ಪ ಎರಡು ವರ್ಷ ಪಾಲುಪತ್ರಕ್ಕೆ ಸಹಿ ಹಾಕಲಿಲ್ಲ. ಎಲ್ಲರ ಸಹಿ ಇಲ್ಲದೆ ನೋಂದಣಿ ಆಗದು. ತೋಟಕ್ಕೆ ಹೋಗುವ ದಾರಿಯ ಬಗ್ಗೆ ತಕರಾರು ಎನ್ನುತ್ತಿದ್ದರು. ದಾರಿ ನೆಪ, ತನ್ನನ್ನು ಕೇಳದೆ ಅಳತೆ ಮಾಡಿಸಿದರು ಎಂಬುದೇ ಅವರ ನೋವು ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಕೊನೆಗೆ ಅವರ ಮಗಳ ಮದುವೆ ಗೊತ್ತಾಯಿತು, ದುಡ್ಡು ಬೇಕಾಯಿತು. ಬೋರ್‌ವೆಲ್ ನೀರಿನ ಮೊದಲ ಪಾಳಿ ಅವರಿಗೇ ಎಂದು ಪತ್ರದಲ್ಲಿ ಬರೆಸಿದರು. ದಾರಿಯನ್ನೂ ಅವರು ಕೇಳಿದ ಕಡೆಗೇ ತಿರುಗಿಸಿದರು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆರಳಿಗೆ ಹತ್ತಿದ ಮಸಿಯನ್ನು ಪಂಚೆಯ ಅಂಚಿಗೆ ಒರೆಸಿಕೊಂಡು ತಲೆ ಎತ್ತಿ ಹೊರಗೆ ಬಂದರು. ಅಣ್ಣತಮ್ಮಂದಿರೆಲ್ಲ ಹೋಟೆಲಿಗೆ ಹೋಗಿ ಉಪ್ಪಿಟ್ಟು ತಿಂದೆವು.

ಹೊಸ ದಾರಿ ಹಾದುಹೋದದ್ದು ನಮ್ಮ ತೋಟದಲ್ಲಿ ದುಡಿಯುತ್ತಿದ್ದ ಒಂದು ಕುಟುಂಬದ ಗುಡಿಸಲಿನ ಮೇಲೆ. ಪಂಚಾಯ್ತಿ ಕೂತ ಎರಡು ವರ್ಷದಲ್ಲಿ ಒಂದು ದಿನವೂ ಅವರನ್ನು ಯಾರೂ ಕರೆದು ಕೇಳಿರಲಿಲ್ಲ. ಆ ಮನೆಯ ಹೆಂಗಸು ಮೂರು ಒಲೆಗುಂಡುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಕೆರೆ ಏರಿಯ ಕಡೆ ನಡೆದುಹೋದದ್ದನ್ನು ನಾನು ನೋಡಿದ್ದೇನೆ. ನನಗಾಗ ಹನ್ನೊಂದು ವರ್ಷ.

2022ರ ಜೂನ್ 28ರಂದು ಮ್ಯಾಡ್ರಿಡ್‌ನಲ್ಲಿ ಟರ್ಕಿ, ಫಿನ್‌ಲೆಂಡ್ ಮತ್ತು ಸ್ವೀಡನ್ ಮೂರೂ ಸಹಿ ಹಾಕಿದ ಒಡಂಬಡಿಕೆ ಪತ್ರವನ್ನು ಓದಿದಾಗ ಆ ಬುಟ್ಟಿ ನೆನಪಾಯಿತು.

ಓದಿದ್ದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲರೂ ಪಾಳಿಯ ಮೇಲೆ ಬಟ್ಟೆ ಒಗೆಯುವ ಕೋಣೆಯಲ್ಲಿ. ನನ್ನ ನಂತರದ ಪಾಳಿ ಮೇಲಿನ ಮಹಡಿಯ ನೆರೆಯವರದ್ದು. ಟರ್ಕಿಯ ದಿಯಾರ್‌ಬಕಿರ್‌ನ ಕುರ್ದರು, ಬಸ್ ಚಾಲಕರು, ಈ ದೇಶಕ್ಕೆ ಬಂದು ನನ್ನ ಎರಡರಷ್ಟು ವರ್ಷವಾಗಿದೆ. ಹೆಸರು ಬರೆಯಬೇಡ ಎಂದಿದ್ದಾರೆ. ಆ ಪತ್ರವನ್ನು ಫೋನಿನಲ್ಲಿ ತೆರೆದು ನನ್ನ ಮುಂದೆ ಹಿಡಿದರು. ಇಂಗ್ಲಿಷ್ ಅವರಿಗೆ ಅಷ್ಟಾಗಿ ಬರದು. ಟರ್ಕಿ ಕಳಿಸಿದ ಗಡೀಪಾರು ಕೋರಿಕೆಗಳನ್ನು ಬೇಗನೆ ಮತ್ತು ಕೂಲಂಕಷವಾಗಿ ಪರಿಶೀಲಿಸಲಾಗುವುದು ಎಂಬ ಸಾಲನ್ನು ನಾನು ಸ್ವೀಡಿಷ್‌ಗೆ ತಿರುಗಿಸಿ ಹೇಳಿದೆ. ಮಡಚುತ್ತಿದ್ದ ಹಾಸಿಗೆ ಬಟ್ಟೆಯನ್ನು ಯಂತ್ರದ ಮೇಲೆ ಇಟ್ಟು, "ಬೇಗನೆ ಅಂದಮೇಲೆ ಕೂಲಂಕಷವಾಗಿ ಹೇಗೆ?" ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅವರ ಭಯ ಅವರಿಗಾಗಿ ಅಲ್ಲ. ಅವರು ಇಲ್ಲಿನ ಪ್ರಜೆ. ಭಯ ಇದ್ದದ್ದು ಅಕ್ಕನ ಮಗನಿಗಾಗಿ, ಅವನದು ತಾತ್ಕಾಲಿಕ ವಾಸದ ಪರವಾನಗಿ. ಆ ಹುಡುಗ ಶನಿವಾರ ಬೆಳಿಗ್ಗೆ ಒಂದು ಸಂಘದ ಕೊಠಡಿಯಲ್ಲಿ ಮಕ್ಕಳಿಗೆ ಕುರ್ದಿಷ್ ಅಕ್ಷರ ಕಲಿಸುತ್ತಿದ್ದ. ಅದೇ ಹೊತ್ತಿಗೆ ನಾವು ಕೆಲವರು ಇನ್ನೊಂದು ಕಡೆ ಮಕ್ಕಳನ್ನು ಕೂರಿಸಿ ಅ, ಆ, ಇ, ಈ ತಿದ್ದಿಸುತ್ತಿದ್ದೆವು. ಭಯೋತ್ಪಾದಕ ಸಂಘಟನೆಯಲ್ಲಿ ಭಾಗಿಯಾಗುವುದನ್ನೇ ಅಪರಾಧವೆನ್ನುವ ಹೊಸ ಕಾನೂನು 2023ರ ಜೂನ್ 1ರಂದು ಜಾರಿಗೆ ಬಂತು. ಅದಕ್ಕಾಗಿ ಸಂವಿಧಾನವನ್ನೇ ತಿದ್ದಿದ್ದಿರಿ. ಸಂಘದಲ್ಲಿ ಚಹಾಕ್ಕೆಂದು ಡಬ್ಬಿಗೆ ಹಾಕುವ ಹತ್ತು ಕ್ರೋನಾ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಆ ಹುಡುಗ ಪಾಠ ನಿಲ್ಲಿಸಿದ. ಅವನನ್ನು ಯಾರೂ ಬಂಧಿಸಲಿಲ್ಲ, ಕರೆದು ವಿಚಾರಿಸಲೂ ಇಲ್ಲ. ಅವನೇ ನಿಲ್ಲಿಸಿದ. ನಮ್ಮ ಕನ್ನಡ ಪಾಠ ನಡೆಯುತ್ತಲೇ ಇದೆ.

ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳುತ್ತೇನೆ. ನಮ್ಮ ನ್ಯಾಯಾಲಯಗಳು ಗಟ್ಟಿಯಾಗಿ ನಿಂತವು. ಎರ್ಡೊಗನ್ ಹೆಸರು ಹಿಡಿದು ಕೇಳಿದ್ದ ಪತ್ರಕರ್ತ ಬುಲೆಂತ್ ಕೆನೆಶ್ ಅವರನ್ನು ಕಳಿಸಲಾಗದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. ಅದೇ ತಿಂಗಳ ಆರಂಭದಲ್ಲಿ ಟರ್ಕಿಯಲ್ಲಿ ಶಿಕ್ಷೆಯಾಗಿದ್ದ ಒಬ್ಬ ಕುರ್ದ್ ವ್ಯಕ್ತಿಯನ್ನು ವಾಪಸು ಕಳಿಸಲಾಯಿತು, ಅಲ್ಲಿ ಇಳಿದೊಡನೆ ಬಂಧಿಸಿದರು. ಅವರ ಆಶ್ರಯದ ಅರ್ಜಿ ಮೊದಲೇ ತಿರಸ್ಕೃತವಾಗಿತ್ತು, ನ್ಯಾಟೊ ಮಾತುಕತೆಗೂ ಅದಕ್ಕೂ ಸಂಬಂಧವಿಲ್ಲ ಎಂದಿರಿ. ಇರಬಹುದು. ಆದರೆ ಮ್ಯಾಡ್ರಿಡ್ ಸಹಿಯ ಬೆನ್ನಿಗೇ ಎರ್ಡೊಗನ್, ಸ್ವೀಡನ್ 73 ಜನರನ್ನು ಕೊಡುವುದಾಗಿ ಮಾತು ಕೊಟ್ಟಿದೆ ಎಂದು ಜಗತ್ತಿನ ಮುಂದೆ ಹೇಳಿದರು. ಪತ್ರದಲ್ಲಿ ಆ ಸಂಖ್ಯೆ ಇಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಬಾಯಿ ಮಾತಿನಲ್ಲಿ ಯಾರಾದರೂ ಏನಾದರೂ ಹೇಳಿದ್ದರೇ, ಇಲ್ಲವೇ ಅದು ಅವರ ಕಲ್ಪನೆಯೇ? ಕೋಣೆಯಲ್ಲಿ ಇದ್ದವರು ಸ್ಪಷ್ಟವಾಗಿ ಬರೆದಿಡದ ತನಕ ಈ ದೇಶದ ಸುಮಾರು ಒಂದು ಲಕ್ಷ ಕುರ್ದರಲ್ಲಿ ಪ್ರತಿಯೊಬ್ಬರೂ ಆ 73ರಲ್ಲಿ ತಮ್ಮವರು ಇದ್ದಾರೇನೋ ಎಂದು ಎಣಿಸುತ್ತಿರುತ್ತಾರೆ.

ಇನ್ನೊಂದು ಪುಟವನ್ನೂ ನೀವೇ ತಿರುವಬೇಕು. 2021ರ ನವೆಂಬರ್‌ನಲ್ಲಿ ಮ್ಯಾಗ್ಡಲೆನಾ ಆಂಡರ್ಸನ್ ಪ್ರಧಾನಿಯಾಗಲು ಕುರ್ದ್ ಮೂಲದ ಒಬ್ಬ ಪಕ್ಷೇತರ ಸದಸ್ಯೆಯ ಮತ ಬೇಕಿತ್ತು. ಆಗ ಅವರ ಪಕ್ಷ ಪಿಕೆಕೆಯ ಶಾಖೆ ಎಂದು ಟರ್ಕಿ ಹೇಳುವ ಸಿರಿಯಾದ ಕುರ್ದ್ ಪಕ್ಷ ಪಿವೈಡಿ ಜೊತೆ ಸಹಕಾರ ಹೆಚ್ಚಿಸುವುದಾಗಿ ಬರೆದುಕೊಟ್ಟಿತು. ಏಳು ತಿಂಗಳ ನಂತರ ಅದೇ ಸರ್ಕಾರ ಮ್ಯಾಡ್ರಿಡ್‌ನಲ್ಲಿ ಪಿವೈಡಿಗೆ ಬೆಂಬಲ ಕೊಡುವುದಿಲ್ಲ ಎಂದು ಸಹಿ ಹಾಕಿತು. ಅಧಿಕಾರಕ್ಕೆ ಬೇಕಾದಾಗ ಒಂದು ಮಾತು, ರಕ್ಷಣೆಗೆ ಬೇಕಾದಾಗ ಇನ್ನೊಂದು. ಇದೇ ಸಿರಿಯಾದ ಕುರ್ದರು ಐಸಿಸ್ ವಿರುದ್ಧ ಕೊಬಾನಿಯಲ್ಲಿ ಹೋರಾಡಿದಾಗ ನಾವೆಲ್ಲ ಹೊಗಳಿದ್ದೆವು.

ಹಂಗೆರಿಯ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ತಾವು ಕೊನೆಯವರಾಗುವುದಿಲ್ಲ ಎಂದು ಹೇಳುತ್ತಿದ್ದವರು ಕೊನೆಯವರೇ ಆದರು. ಅವರ ಪ್ರಜಾಪ್ರಭುತ್ವದ ಬಗ್ಗೆ ನಮ್ಮವರು ಟೀಕೆ ಮಾಡಿದ್ದು ಅವರ ದೂರು. ಪ್ರಧಾನಿ ಉಲ್ಫ್ ಕ್ರಿಸ್ಟರ್ಸನ್ 2024ರ ಫೆಬ್ರುವರಿ 23ರಂದು ಬುಡಾಪೆಸ್ಟ್‌ಗೆ ಹೋದರು, ನಮ್ಮಲ್ಲೇ ತಯಾರಾಗುವ ಇನ್ನೂ ನಾಲ್ಕು ಗ್ರಿಪೆನ್ ಯುದ್ಧವಿಮಾನಗಳ ವ್ಯವಹಾರ ಕುದುರಿತು, 26ಕ್ಕೆ 188–6 ಮತಗಳಿಂದ ಒಪ್ಪಿಗೆ ಸಿಕ್ಕಿತು. ಅಲ್ಲಿ ಬೇಕಿದ್ದದ್ದು ಮುಖ್ಯವಾಗಿ ಮನೆ ಬಾಗಿಲಿಗೆ ಬಂದು ಮಾತಾಡಿಸುವ ಗೌರವ. ಕೊಟ್ಟೆವು. ಅದರಿಂದ ಮೂರನೆಯವರಿಗೆ ನಷ್ಟವಾದದ್ದು ನನಗೆ ಕಾಣದು.

ಇದೆಲ್ಲ ಬೇರೆ ರೀತಿ ಆಗಬಹುದಿತ್ತೇ ಎಂದು ಕೇಳುವಿರಿ. ಗ್ರೀಸ್ ಮತ್ತು ಮ್ಯಾಸಿಡೋನಿಯಾವನ್ನು ನೋಡಿ. 2008ರಲ್ಲಿ ಬುಕಾರೆಸ್ಟ್‌ನಲ್ಲಿ ನಡೆದ ನ್ಯಾಟೊ ಸಭೆಯಲ್ಲಿ ಗ್ರೀಸ್ ಆ ಪುಟ್ಟ ದೇಶವನ್ನು ತಡೆಯಿತು. ತಕರಾರು ಒಂದೇ, ಹೆಸರು. ಮ್ಯಾಸಿಡೋನಿಯಾ ಎಂಬುದು ತನ್ನ ಉತ್ತರ ಪ್ರಾಂತ್ಯದ ಹೆಸರು, ತನ್ನ ಇತಿಹಾಸ ಎಂದಿತು. ಹೀಗೆ ತಡೆದದ್ದು ತಪ್ಪು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2011ರಲ್ಲಿ ತೀರ್ಪು ಕೊಟ್ಟರೂ ಗ್ರೀಸ್ ಜಗ್ಗಲಿಲ್ಲ. ನ್ಯಾಯಾಲಯದ ತೀರ್ಪಿನಿಂದ ಆಗದ್ದು ಇಬ್ಬರು ಪ್ರಧಾನಿಗಳಿಂದ ಆಯಿತು. ಗ್ರೀಸಿನ ಅಲೆಕ್ಸಿಸ್ ಸಿಪ್ರಾಸ್ ಮತ್ತು ಮ್ಯಾಸಿಡೋನಿಯಾದ ಝೊರಾನ್ ಝಾಯೆವ್ 2018ರ ಜೂನ್ 17ರಂದು ಪ್ರೆಸ್ಪಾ ಸರೋವರದ ದಡದಲ್ಲಿ ಸಹಿ ಹಾಕಿದರು. ಉತ್ತರ ಮ್ಯಾಸಿಡೋನಿಯಾ ಎಂಬ ಹೆಸರು ಬಂತು. ಒಪ್ಪಂದದ ಪ್ರತಿ ಅಕ್ಷರ ಎರಡೂ ದೇಶದ ಜನರ ಕೈಯಲ್ಲಿತ್ತು. ಒಂದು ಕಡೆ ಜನಮತಗಣನೆ, ಎರಡೂ ಕಡೆ ಬೀದಿಯಲ್ಲಿ ಪ್ರತಿಭಟನೆ, ಸಂಸತ್ತಿನಲ್ಲಿ ಗಂಟಲು ಹರಿಯುವ ಚರ್ಚೆ. ಗ್ರೀಸ್‌ನಲ್ಲಿ 153–146ರಲ್ಲಿ ಪಾಸಾಯಿತು. ಮುಂದಿನ ಚುನಾವಣೆಯಲ್ಲಿ ಸಿಪ್ರಾಸ್ ಸೋತರು. ಬೆಲೆ ಬಿದ್ದದ್ದು ಸಹಿ ಹಾಕಿದವರ ತಲೆಯ ಮೇಲೆ, ತಮ್ಮ ದೇಶದ ಹೆಸರನ್ನೇ ಬದಲಿಸಿಕೊಂಡವರ ಮೇಲೆ. ಅವರು ಅದನ್ನು ಕಣ್ಣಾರೆ ಕಂಡು ಕೊಟ್ಟರು. ಆಮೇಲೆ ಉತ್ತರ ಮ್ಯಾಸಿಡೋನಿಯಾದ ಸದಸ್ಯತ್ವವನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ್ದು ಯಾರು ಗೊತ್ತೇ? ಹತ್ತು ವರ್ಷ ತಡೆದ ಗ್ರೀಸ್, 2019ರ ಫೆಬ್ರುವರಿ 8ರಂದು. ನನಗೆ ಈ ಸಂಗತಿ ಬಹಳ ಹಿಡಿಸುತ್ತದೆ.

ಈಗ ಬಾಗಿಲಿನ 32 ಬೀಗದ ಕೈಗಳಲ್ಲಿ ಒಂದು ನಿಮ್ಮ ಕೈಯಲ್ಲಿದೆ. ಉಕ್ರೇನ್ ಮುಂದೊಂದು ದಿನ ಸದಸ್ಯನಾಗುತ್ತದೆ ಎಂದು 2008ರಲ್ಲಿ ಹೇಳಿದ ಕೂಟ, ಆ ದಾರಿ ಇನ್ನು ಹಿಂದಿರುಗದು ಎಂದು 2024ರಲ್ಲಿ ವಾಷಿಂಗ್ಟನ್‌ನಲ್ಲಿ ಬರೆದಿದೆ. ಆ ದಿನ ಬಂದಾಗ ಯಾರಾದರೂ ಒಬ್ಬರು ಹಿಂಜರಿಯುತ್ತಾರೆ, ಖಂಡಿತ. ಅವರನ್ನು ಒಪ್ಪಿಸುವ ಕೋಣೆಯಲ್ಲಿ ನೀವೂ ಇರುತ್ತೀರಿ. ಹಿಂಜರಿಯುವವರು ನೀವೇ ಆದರೂ ಆಗಬಹುದು. ಆಗ ಯಾರ ಗುಡಿಸಲಿನ ಮೇಲೆ ದಾರಿ ತೆಗೆಯುತ್ತೀರಿ ಎಂಬುದು ನಿಮ್ಮ ಹಿಂದಿನ ಲೆಕ್ಕ ನಿಮಗೆ ಎಷ್ಟು ನೆನಪಿದೆ ಎಂಬುದರ ಮೇಲೆ ನಿಂತಿದೆ.

ಆದ್ದರಿಂದ ಕೇಳುತ್ತೇನೆ. 2022ರ ಮೇ 18ರಿಂದ 2024ರ ಮಾರ್ಚ್ 7ರವರೆಗೆ ಸ್ವೀಡನ್ ಸರ್ಕಾರ ಟರ್ಕಿಗೆ ಬರಹದಲ್ಲೂ ಬಾಯಿಮಾತಿನಲ್ಲೂ ಕೊಟ್ಟ ಭರವಸೆಗಳನ್ನೆಲ್ಲ ನಿಮ್ಮ ಸಮಿತಿ ಒಂದೇ ವರದಿಯಲ್ಲಿ ಹೊರಗಿಡಲಿ. ಸೇನೆಯ ಗುಟ್ಟುಗಳಿದ್ದರೆ ಅವನ್ನು ಮುಚ್ಚಿಡಿ, ಅದು ಅರ್ಥವಾಗುತ್ತದೆ. ಜನರಿಗೆ ಸಂಬಂಧಿಸಿದ್ದನ್ನು ಮುಚ್ಚಿಡಬೇಡಿ. ಎಷ್ಟು ಗಡೀಪಾರು ಕೋರಿಕೆ ಬಂದವು, ಎಷ್ಟನ್ನು ನ್ಯಾಯಾಲಯ ನಿಲ್ಲಿಸಿತು, ಎಷ್ಟು ಜನರ ವಾಸದ ಪರವಾನಗಿ ಆ ಅವಧಿಯಲ್ಲಿ ಭದ್ರತೆಯ ಕಾರಣ ಕೊಟ್ಟು ನಿಂತುಹೋಯಿತು, ಇವು ಅಂಕಿಗಳಾಗಿ ಬರಲಿ. 73ರ ಮಾತಿಗೆ ಒಂದು ನೇರ ಉತ್ತರ ಬರಲಿ. ಒಂದು ಭಾಷೆಯ ಅಕ್ಷರ ಕಲಿಸುವುದು, ಸಂಘದಲ್ಲಿ ಚಹಾ ಕುಡಿಯುವುದು, ಹಬ್ಬದ ದಿನ ಬೆಂಕಿಯ ಸುತ್ತ ಕುಣಿಯುವುದು 2023ರ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ ಎಂಬುದನ್ನು ಸರಳ ಸ್ವೀಡಿಷ್‌ನಲ್ಲಿ, ಕುರ್ದಿಷ್‌ನಲ್ಲಿ ಬರೆಸಿ ಸಂಘಗಳಿಗೆ ಕಳಿಸಿ. ಮೂವತ್ತೆರಡು ಪುಟದ ಯುದ್ಧಸಿದ್ಧತೆಯ ಕೈಪಿಡಿಯನ್ನು ಪ್ರತಿ ಮನೆಗೆ ಕಳಿಸಿದ ಸರ್ಕಾರಕ್ಕೆ ಎರಡು ಪುಟದ ಈ ಕಾಗದ ಭಾರವಾಗದು.

ವರದಿಗೆ ಮುನ್ನ ನೀವು ಸಾರ್ವಜನಿಕ ವಿಚಾರಣೆ ನಡೆಸುವುದಾದರೆ ನನ್ನ ನೆರೆಯವರು ಬರಲು ಸಿದ್ಧರಿದ್ದಾರೆ. ಮೊನ್ನೆ ಬಟ್ಟೆಯ ಕೋಣೆಯಲ್ಲಿ ಕೇಳಿದೆ. ರಜೆ ಹಾಕಬೇಕಾಗುತ್ತದೆ, ಎರಡು ವಾರ ಮೊದಲು ದಿನ ತಿಳಿಸಿದರೆ ಸಾಕು ಎಂದರು.

ಇಂತಿ ತಮ್ಮ ವಿಶ್ವಾಸಿ,
ಸ್ಟಾಕ್‌ಹೋಮ್‌ನ ಒಬ್ಬ ಕನ್ನಡಿಗ ಮತದಾರ